ಎಂಜಿನ್ ಕೂರಿಸಿದ ಸೈಕಲ್: ಪೆಡಲಿಗೂ ಸೈಲೆನ್ಸರಿಗೂ ಜಾಗ ಹೊಂದಿಸುವ ಬಗೆ

ಸೈಕಲ್ ಫ್ರೇಮಿನ ತ್ರಿಕೋನದೊಳಗೆ ಕೂರುವ ಎರಡು-ಸ್ಟ್ರೋಕ್ ಎಂಜಿನ್ ಕಿಟ್‌ಗಳು ಹೆಚ್ಚಾಗಿ ಚೀನಾದಿಂದ ಬರುತ್ತವೆ. ಪೆಟ್ಟಿಗೆಯ ಮೇಲೆ 80 ಸಿಸಿ ಎಂದಿದ್ದರೂ ಬೋರ್ 47 ಮಿ.ಮೀ., ಸ್ಟ್ರೋಕ್ 38 ಮಿ.ಮೀ. ಇರುವ ಎಂಜಿನ್ನಿನ ಲೆಕ್ಕ 66 ಸಿಸಿಗೆ ಬಂದು ನಿಲ್ಲುತ್ತದೆ. ಎಲ್ಲ ಸೈಕಲ್ಲಿಗೂ ಹೊಂದುತ್ತದೆ ಎನ್ನುವ ಮಾತಿನಲ್ಲೂ ಇಷ್ಟೇ ಸತ್ಯ. ಎಂಜಿನ್ ಹೇಗೋ ಕೂರುತ್ತದೆ, ಆಮೇಲೆ ಪೆಡಲು ತಿರುಗುವುದಿಲ್ಲ. ಕ್ರ್ಯಾಂಕು (ಪೆಡಲು ಕೂರುವ ತೋಳು) ಎಂಜಿನ್ ಕವರಿಗೆ ಕೆರೆಯುತ್ತದೆ, ಇಲ್ಲವೇ ಸೈಲೆನ್ಸರಿಗೆ ಬಡಿಯುತ್ತದೆ, ಇಲ್ಲವೇ ಹಿಮ್ಮಡಿ ಬಿಸಿ ಪೈಪಿಗೆ ಒರೆಸುತ್ತದೆ.

ಪೆಡಲು ಅರ್ಧ ಸುತ್ತು ತಿರುಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಈ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ ಕಿಕ್ಕರ್ ಇಲ್ಲ. ಕ್ಲಚ್ ಹಿಡಿದು ಪೆಡಲು ತುಳಿದು ವೇಗ ತಂದು, ಕ್ಲಚ್ ಬಿಟ್ಟಾಗಲೇ ಎಂಜಿನ್ ಹತ್ತುವುದು. ಲೂನಾ (1972), ಟಿವಿಎಸ್ 50 (1980) ಕೂಡ ಪೆಡಲಿದ್ದ ಗಾಡಿಗಳೇ. ಆದರೆ ಅವುಗಳಲ್ಲಿ ಎಂಜಿನ್ನು, ಫ್ರೇಮು, ಪೆಡಲಿನ ಆಕ್ಸಲು ಮೂರನ್ನೂ ಒಟ್ಟಿಗೇ ವಿನ್ಯಾಸ ಮಾಡಿದ್ದರು. ಎರಡು ಕ್ರ್ಯಾಂಕುಗಳ ನಡುವೆ ಎಂಜಿನ್ನಿಗೆ ಬೇಕಾದಷ್ಟು ಅಗಲ ಮೊದಲೇ ಇತ್ತು. ಸೈಕಲ್ಲಿನಲ್ಲಿ ಆ ಅಗಲವನ್ನು ನಾವೇ ಹುಟ್ಟಿಸಬೇಕು.

ತಪ್ಪು ಶುರುವಾಗುವುದು ಔಷಧಿ ಮೊದಲು, ರೋಗ ಆಮೇಲೆ ಎನ್ನುವಲ್ಲಿ. ಪೆಡಲ್ ಎಕ್ಸ್‌ಟೆಂಡರ್ ಕೊಂಡು ತಂದು ಹಾಕಿದ ಮೇಲೂ ಬಡಿತ ನಿಲ್ಲುವುದಿಲ್ಲ, ಏಕೆಂದರೆ ಬಡಿಯುತ್ತಿದ್ದದ್ದು ಪೆಡಲಲ್ಲ, ಕ್ರ್ಯಾಂಕಿನ ತೋಳು. ಎಕ್ಸ್‌ಟೆಂಡರ್ ಪೆಡಲನ್ನು ಹೊರಗೆ ತಳ್ಳುತ್ತದೆ, ತೋಳು ಇದ್ದಲ್ಲೇ ಇರುತ್ತದೆ. ಹಾಗಾಗಿ ಮೊದಲ ಕೆಲಸ ಯಾವುದಕ್ಕೆ ಯಾವುದು ತಾಗುತ್ತಿದೆ ಎಂದು ನೋಡುವುದು.

ಸೈಕಲ್ಲನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪೆಡಲಿನ ಚೈನು ಕಳಚಿ. ಎಂಜಿನ್ ಕವರಿನ ಎರಡೂ ಬದಿಗೆ, ಸೈಲೆನ್ಸರಿನ ಹೊಟ್ಟೆಗೆ, ತುದಿಗೆ, ಅದನ್ನು ಹಿಡಿಯುವ ಕ್ಲಾಂಪಿಗೆ ಮಕ್ಕಳ ಆಟದ ಕ್ಲೇ ದಪ್ಪವಾಗಿ ಮೆತ್ತಿ, ಕ್ರ್ಯಾಂಕನ್ನು ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಿ ಕ್ಲೇ ಒತ್ತಿಹೋಗಿದೆಯೋ ಅಲ್ಲಿ ಉಳಿದ ದಪ್ಪವನ್ನು ವರ್ನಿಯರಿನಲ್ಲಿ ಅಳೆಯಿರಿ. ಅದೇ ನಿಮ್ಮ ನಿಜವಾದ ಅಂತರ. ಆಮೇಲೆ ಒಬ್ಬರು ಸೀಟಿನ ಮೇಲೆ ಕೂತು, ದಿನವೂ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಇನ್ನೊಮ್ಮೆ ತಿರುಗಿಸಬೇಕು. ಹಿಮ್ಮಡಿ ಒಳಕ್ಕೆ ತಿರುಗಿಸಿ ತುಳಿಯುವ ಅಭ್ಯಾಸದವರಿಗೆ ಬರೀ ಕೈಯಲ್ಲಿ ಸುತ್ತಿ ನೋಡಿದ ಅಳತೆ ಸುಳ್ಳು ಹೇಳುತ್ತದೆ.

ಎಷ್ಟು ಅಂತರ ಇರಬೇಕು? ಕ್ರ್ಯಾಂಕಿಗೂ ಎಂಜಿನ್ ಕವರಿಗೂ 5–6 ಮಿ.ಮೀ. ಸಾಕು, ಎರಡೂ ಫ್ರೇಮಿಗೆ ಬಿಗಿಯಾಗಿ ಕೂತಿರುತ್ತವೆ. ಕ್ರ್ಯಾಂಕಿಗೂ ಸೈಲೆನ್ಸರಿಗೂ ಕಡಿಮೆಯೆಂದರೆ 10 ಮಿ.ಮೀ. ಬೇಕು; ಸೈಲೆನ್ಸರ್ ಎರಡು ಸ್ಟಡ್ಡಿನ (ತಲೆಯಿಲ್ಲದ ಬೋಲ್ಟಿನ) ಮೇಲೆ ನೇತಾಡುವ ವಸ್ತು, ಎಂಜಿನ್ ನಡುಗಿದಾಗ ಅದರ ತುದಿ ಎಲ್ಲಕ್ಕಿಂತ ಹೆಚ್ಚು ಆಡುತ್ತದೆ. ಕಾಲಿಗೂ ಬಿಸಿ ಲೋಹಕ್ಕೂ 25 ಮಿ.ಮೀ. ಇಟ್ಟುಕೊಳ್ಳಿ. ಚೈನ್ ವೀಲಿನ ಹಲ್ಲು ಕವರಿಗೆ ತಾಗುತ್ತಿದೆಯೇ ಎಂಬುದನ್ನೂ ಈ ಹೊತ್ತಿನಲ್ಲೇ ನೋಡಿಕೊಳ್ಳಿ.

ಎಂಜಿನ್ನನ್ನೇ ಪಕ್ಕಕ್ಕೆ ಸರಿಸಿದರೆ ಆಗದೇ ಎಂದರೆ, ಆಗದು. ಎಡಬದಿಯ ಎಂಜಿನ್ ಚೈನು 10 ಹಲ್ಲಿನ ಸಣ್ಣ ಸ್ಪ್ರಾಕೆಟ್ಟಿನಿಂದ ಹಿಂಚಕ್ರದ ದೊಡ್ಡ ಸ್ಪ್ರಾಕೆಟ್ಟಿಗೆ ನೇರ ಹೋಗಬೇಕು. 3–4 ಮಿ.ಮೀ. ಅಡ್ಡವಾದರೂ ಚೈನು ಹಾರುತ್ತದೆ. ಹಾರಿದ ಚೈನು ಕಡ್ಡಿಗಳ ನಡುವೆ ಸಿಕ್ಕರೆ ಹಿಂಚಕ್ರ ಒಮ್ಮೆಗೇ ನಿಲ್ಲುತ್ತದೆ. ಸೀಟ್ ಟ್ಯೂಬಿನ (ಸೀಟಿನಿಂದ ಕೆಳಗಿಳಿಯುವ ಪೈಪಿನ) ಮೇಲೆ ಮೇಲಕ್ಕೋ ಕೆಳಕ್ಕೋ 10–15 ಮಿ.ಮೀ. ಸರಿಸಬಹುದು, ಅದರಿಂದ ಸೈಲೆನ್ಸರಿನ ತುದಿ ಎತ್ತರ ಬದಲಾಗುತ್ತದೆ. ಹಿಂದಿನ ಮೌಂಟು ಮಾತ್ರ ಸೀಟ್ ಟ್ಯೂಬಿಗೆ ಪೂರ್ತಿ ಅಂಟಿಕೊಂಡೇ ಕೂರಬೇಕು. ಮುಂದಿನ ಮೌಂಟು ದಪ್ಪ ಡೌನ್ ಟ್ಯೂಬಿಗೆ (ಹ್ಯಾಂಡಲ್ ಕಡೆಯಿಂದ ಪೆಡಲಿನತ್ತ ಇಳಿಯುವ ಪೈಪಿಗೆ) ಹೊಂದದಿದ್ದಾಗ ಟ್ಯೂಬಿಗೆ ತೂತು ಕೊರೆದು ಬೋಲ್ಟ್ ಹಾಕುವುದನ್ನು ಬೇಕಾದಷ್ಟು ಕಡೆ ಕಾಣಬಹುದು. ಹಾಗೆ ಮಾಡಬೇಡಿ. ಎಂಜಿನ್ನಿನ ನಡುಕ ಆ ತೂತಿನ ಅಂಚಿನಿಂದಲೇ ಫ್ರೇಮನ್ನು ಸೀಳುತ್ತಾ ಹೋಗುತ್ತದೆ. ಅಗಲದ ಯು-ಬೋಲ್ಟು, ದಪ್ಪ ಪ್ಲೇಟು, ನಡುವೆ ತೆಳು ರಬ್ಬರು ಹಾಕಿದರೆ ತೂತಿನ ಅಗತ್ಯವೇ ಇಲ್ಲ.

ಕ್ರ್ಯಾಂಕು ಕವರಿಗೆ ತಾಗಿದರೆ

ಇದಕ್ಕೆ ಇರುವ ದಾರಿ ಉದ್ದದ ಆಕ್ಸಲ್ ಒಂದೇ. ಇಂದಿನ ಹೆಚ್ಚಿನ ಸೈಕಲ್ಲುಗಳಲ್ಲಿ ಕ್ರ್ಯಾಂಕು ಚೌಕ ತುದಿಯ ಆಕ್ಸಲ್ ಮೇಲೆ ಕೂರುತ್ತದೆ, ಆ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಶೆಲ್ (ಫ್ರೇಮಿನ ಅಡ್ಡ ಕೊಳವೆ) ಅಗಲ ಸಾಮಾನ್ಯವಾಗಿ 68 ಮಿ.ಮೀ. ಹಳೆಯ ಆಕ್ಸಲ್ಲಿನ ಪೂರ್ತಿ ಉದ್ದ ಅಳೆಯಿರಿ. ಉದ್ದ ಎಷ್ಟು ಹೆಚ್ಚುತ್ತದೋ ಅದರ ಅರ್ಧದಷ್ಟು ಮಾತ್ರ ಒಂದೊಂದು ಬದಿಗೆ ಸಿಗುತ್ತದೆ: 113 ಮಿ.ಮೀ. ತೆಗೆದು 127 ಮಿ.ಮೀ. ಹಾಕಿದರೆ ಬದಿಗೆ 7 ಮಿ.ಮೀ. ಅಂದರೆ ಕವರಿಗೆ ಕ್ರ್ಯಾಂಕು ತಾಗುತ್ತಿದ್ದ ಸೈಕಲ್ಲಿನಲ್ಲಿ ಇದೊಂದರಿಂದಲೇ ಬೇಕಾದ ಅಂತರ ಬಂದುಬಿಡುತ್ತದೆ.

ಬಿಚ್ಚುವಾಗ ಎರಡು ವಿಷಯ ನೆನಪಿರಲಿ. ಕ್ರ್ಯಾಂಕನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಡಿ, ಕ್ರ್ಯಾಂಕ್ ಪುಲ್ಲರ್ ಬಳಸಿ. ಶೆಲ್ಲಿನ ಬಲಬದಿಯ ಬೇರಿಂಗ್ ಕಪ್ಪಿಗೆ ಎಡ ಮರೆ (ಎಡಕ್ಕೆ ಸುತ್ತುವ ಥ್ರೆಡ್ಡು) ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಮಾರುದ್ದದ ಪೈಪು ಸಿಕ್ಕಿಸಿ ಉಲ್ಟಾ ಎಳೆದು ಶೆಲ್ಲಿನ ಮರೆಯನ್ನೇ ಹಾಳು ಮಾಡುತ್ತಾರೆ. ಹೊಸದನ್ನು ಕೂರಿಸುವಾಗ ಮರೆಗೆ ಗ್ರೀಸ್ ಹಚ್ಚಿ. ಕ್ರ್ಯಾಂಕ್ ಬೋಲ್ಟನ್ನು 35–40 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಕ್ರ್ಯಾಂಕಿನ ಚೌಕ ತೂತಿಗೆ ಡಬ್ಬಿಯ ತಗಡು ಸುತ್ತಿ ಹೊರಗೆ ನಿಲ್ಲಿಸುವ ಉಪಾಯ ಬೇಡ, ಕೆಲವೇ ದಿನದಲ್ಲಿ ಚೌಕ ದುಂಡಗಾಗುತ್ತದೆ.

ಆಕ್ಸಲ್ ಉದ್ದವಾದಾಗ ಚೈನ್ ವೀಲೂ 7 ಮಿ.ಮೀ. ಹೊರಗೆ ಹೋಗುತ್ತದೆ, ಹಿಂದಿನ ಫ್ರೀವೀಲು ಇದ್ದಲ್ಲೇ ಇರುತ್ತದೆ. ಒಂದೇ ಗೇರಿನ ಸೈಕಲ್ಲಿನಲ್ಲಿ ಇಷ್ಟು ಓರೆ ಚೈನನ್ನು ಕೂಗಿಸುತ್ತದೆ. ಚೈನ್ ವೀಲು ಬೋಲ್ಟಿನ ಮೇಲಿದ್ದರೆ ಅದನ್ನು ಕ್ರ್ಯಾಂಕಿನ ಒಳಬದಿಗೆ ಹಾಕಿ, ಅಥವಾ ಫ್ರೀವೀಲಿನ ಹಿಂದೆ ತೆಳು ಸ್ಪೇಸರ್ ಕೊಟ್ಟು ಸರಿದೂಗಿಸಿ. ಬಲ ಕ್ರ್ಯಾಂಕಿಗೆ ತೊಂದರೆಯೇ ಇಲ್ಲದೆ ಎಡದ್ದು ಮಾತ್ರ ತಾಗುತ್ತಿದ್ದರೆ ಎರಡು ಬದಿಗೆ ಬೇರೆ ಬೇರೆ ಉದ್ದ ಚಾಚುವ ಆಕ್ಸಲ್ ಸಿಗುತ್ತದೆಯೇ ಕೇಳಿ ನೋಡಿ, ಆಗ ಚೈನ್ ಲೈನ್ ಕೆಡುವುದಿಲ್ಲ.

ನಮ್ಮ ಕಡೆಯ ಹಳೆ ಮಾದರಿ ದೊಡ್ಡ ಸೈಕಲ್ಲುಗಳಲ್ಲಿ ಕಾಟರ್ ಪಿನ್ನಿನ (ಓರೆ ಬೆಣೆಯ) ಕ್ರ್ಯಾಂಕು. ಅಲ್ಲಿ ಆಕ್ಸಲ್ ಮೇಲೆ ಕಡಿದಿರುವ ಕಚ್ಚೇ ಕ್ರ್ಯಾಂಕಿನ ಜಾಗ ನಿರ್ಧರಿಸುತ್ತದೆ, ಅರ್ಧ ಮಿ.ಮೀ. ಕೂಡ ಸರಿಸಲಾಗದು. ಉದ್ದದ ಕಾಟರ್ ಆಕ್ಸಲ್ ಸಿಕ್ಕದಿದ್ದರೆ ಶೆಲ್ಲಿನ ಮರೆಗೆ ಹೊಂದುವ ಚೌಕ ತುದಿಯ ಸೆಟ್ಟಿಗೆ ಬದಲಾಯಿಸಿ. ಲೇತಿನಲ್ಲಿ ಮಾಡಿಸುತ್ತೇನೆ ಎನ್ನುವವರು ಮೆದು ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿನಲ್ಲಿ ಮಾಡಿಸಬೇಡಿ, ಬಾಲ್ಸ್ ಓಡುವ ಜಾಗ ಗಟ್ಟಿಯಿಲ್ಲದಿದ್ದರೆ ಬೇಗ ಗುಳಿ ಬೀಳುತ್ತದೆ. ಅಮೆರಿಕದ ಕ್ರೂಸರ್ ಸೈಕಲ್ಲುಗಳಲ್ಲಿ ಎರಡೂ ತೋಳು, ಆಕ್ಸಲ್ ಎಲ್ಲ ಸೇರಿ ಒಂದೇ ಬಾಗಿದ ಉಕ್ಕಿನ ತುಂಡು. ಅದಕ್ಕೆ ಎಂಜಿನ್ ಸೈಕಲ್ಲಿಗೆಂದೇ ಅಗಲದ ಕ್ರ್ಯಾಂಕು ಮಾರುತ್ತಾರೆ.

ಕಾಲು, ಪೆಡಲು

ತಾಗುತ್ತಿರುವುದು ಪೆಡಲಿನ ಒಳ ಅಂಚು ಅಥವಾ ಪಾದ ಮಾತ್ರ ಆಗಿದ್ದರೆ ಎಕ್ಸ್‌ಟೆಂಡರ್ ಸರಿಯಾದ ಮದ್ದು. 20–25 ಮಿ.ಮೀ. ಹೊರಗೆ ತರುವಂಥವು ಸಿಗುತ್ತವೆ. ಬಿಡಿ ಕ್ರ್ಯಾಂಕಿನ ಪೆಡಲ್ ಮರೆ 9/16 ಇಂಚು, ಒಂದೇ ತುಂಡಿನ ಕ್ರ್ಯಾಂಕಿನದು 1/2 ಇಂಚು. ಎಡ ಪೆಡಲಿಗೆ ಎಡ ಮರೆ. ಎಕ್ಸ್‌ಟೆಂಡರ್ ಹಾಕಿದಾಗ ತುಳಿತದ ಭಾರ ಕ್ರ್ಯಾಂಕಿನ ಮರೆಯಿಂದ ಅಷ್ಟು ದೂರ ಬೀಳುವುದರಿಂದ ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಮರೆ ಕಿತ್ತುಬರುವ ಸಂಭವ ಹೆಚ್ಚು. ಎದ್ದುನಿಂತು ತುಳಿಯುವ ಅಭ್ಯಾಸವಿದ್ದರೆ ಉಕ್ಕಿನ ಕ್ರ್ಯಾಂಕಿಗಷ್ಟೇ ಹಾಕಿ.

ಗಿಡ್ಡ ಕ್ರ್ಯಾಂಕು ಇನ್ನೊಂದು ದಾರಿ, ಆದರೆ ಅದು ಎಲ್ಲೆಡೆ ನಡೆಯುವುದಿಲ್ಲ. 170 ಮಿ.ಮೀ. ಬದಲು 152 ಮಿ.ಮೀ. ಹಾಕಿದರೆ ತೋಳು ಗೀಚುವ ವೃತ್ತ 18 ಮಿ.ಮೀ. ಚಿಕ್ಕದಾಗುತ್ತದೆ. ಸೈಲೆನ್ಸರಿನ ತುದಿ ಸರಿಯಾಗಿ ಆ 18 ಮಿ.ಮೀ. ಪಟ್ಟಿಯೊಳಗಿದ್ದರೆ ಗೆದ್ದಿರಿ. ಅದಕ್ಕಿಂತ ಆಕ್ಸಲ್ಲಿಗೆ ಹತ್ತಿರವಿದ್ದರೆ ಖರ್ಚು ದಂಡ. ತುಳಿಯುವ ಬಲವೂ ಸುಮಾರು 12 ಶೇಕಡಾ ಹೆಚ್ಚು ಬೇಕಾಗುತ್ತದೆ. ತಣ್ಣಗಿರುವ ಎಂಜಿನ್ ಹತ್ತಿಸುವಾಗ ಅದು ಗೊತ್ತಾಗುತ್ತದೆ.

ಸೈಲೆನ್ಸರನ್ನು ಸರಿಸುವುದು

ಹೆಚ್ಚಿನ ತಕರಾರು ಇರುವುದು ಇಲ್ಲೇ, ಕೈಗೆ ಸಿಗುವ ಉಪಾಯಗಳೂ ಇಲ್ಲೇ ಹೆಚ್ಚು. ಎಕ್ಸಾಸ್ಟ್ ಪೋರ್ಟು, ಅಂದರೆ ಹೊಗೆ ಹೊರಬರುವ ಬಾಯಿ, ಸಿಲಿಂಡರಿನ ಮುಂಬದಿಯಲ್ಲಿದೆ. ಪೈಪು ಅಲ್ಲಿಂದ ಹೊರಟು ಕೆಳಗಿಳಿದು ಎಂಜಿನ್ನಿನ ಅಡಿಯಿಂದ ಹಿಂದಕ್ಕೆ, ಅಂದರೆ ಕ್ರ್ಯಾಂಕಿನ ಕಡೆಗೇ ಬರುತ್ತದೆ.

ಮೊದಲು ಪುಕ್ಕಟೆ ಉಪಾಯ. ಫ್ಲೇಂಜಿನ (ಪೈಪನ್ನು ಸಿಲಿಂಡರಿಗೆ ಬಿಗಿಯುವ ಚಪ್ಪಟೆ ಪಟ್ಟಿಯ) ತೂತುಗಳು ಸ್ಟಡ್ಡಿಗಿಂತ ಸ್ವಲ್ಪ ದೊಡ್ಡವೇ ಇರುತ್ತವೆ. ನಟ್ ಸಡಿಲಿಸಿ, ಸೈಲೆನ್ಸರಿನ ತುದಿಯನ್ನು ಬೇಕಾದ ಬದಿಗೆ ಒತ್ತಿಹಿಡಿದು ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ 5–6 ಮಿ.ಮೀ. ಸಿಗುತ್ತದೆ. ಸಾಲದಿದ್ದರೆ ದುಂಡು ಅರ ತೆಗೆದುಕೊಂಡು ಫ್ಲೇಂಜಿನ ತೂತುಗಳನ್ನೇ ಉದ್ದ ಮಾಡಿ. ಈ ವಿಧಾನಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ. ಲೆಕ್ಕ ನೋಡಿ: ಸ್ಟಡ್‌ಗಳ ನಡುವೆ 32 ಮಿ.ಮೀ. ಇದ್ದರೆ ಪೋರ್ಟಿನ ನಡುವಿನಿಂದ ಸ್ಟಡ್ಡಿಗೆ 16. ಒಂದು ಮಿ.ಮೀ. ಅರೆದರೆ ಫ್ಲೇಂಜು ಮೂರೂವರೆ ಡಿಗ್ರಿಯಷ್ಟು ತಿರುಗುತ್ತದೆ. ಸೈಲೆನ್ಸರಿನ ತುದಿ ಪೋರ್ಟಿನಿಂದ 280 ಮಿ.ಮೀ. ಕೆಳಗಿದ್ದರೆ ಅದು ಪಕ್ಕಕ್ಕೆ ಸರಿಯುವುದು 17 ಮಿ.ಮೀ.! ತುದಿಯನ್ನು ಸವಾರನ ಎಡಕ್ಕೆ ತರಬೇಕಿದ್ದರೆ, ಸೀಟಿನ ಕಡೆಯಿಂದ ನೋಡಿದಂತೆ, ಎಡ ತೂತಿನ ಕೆಳ ಅಂಚನ್ನೂ ಬಲ ತೂತಿನ ಮೇಲಂಚನ್ನೂ ಅರೆಯಬೇಕು. ಬಲಕ್ಕಾದರೆ ಇದರ ತಿರುವುಮುರುವು. ಪೋರ್ಟಿನ ಬಾಯಿ ದುಂಡಗಿದ್ದರೆ ಮಾತ್ರ ಇದು ಸರಿ, ಅಂಡಾಕಾರವಾಗಿದ್ದರೆ ಬಾಯಿಗೆ ಬಾಯಿ ಕೂಡುವುದಿಲ್ಲ. ಉದ್ದವಾದ ತೂತನ್ನು ಮುಚ್ಚುವಷ್ಟು ದಪ್ಪ ವಾಷರ್ ಹಾಕಿ, ಗ್ಯಾಸ್ಕೆಟ್ಟನ್ನೂ ಅದೇ ಆಕಾರಕ್ಕೆ ಕತ್ತರಿಸಿ.

ಸೈಲೆನ್ಸರನ್ನು ಎಂಜಿನ್ನಿನ ಮೇಲೇ ಬಿಟ್ಟು, ತುದಿಗೆ ಪೈಪು ಸಿಕ್ಕಿಸಿ ಜಗ್ಗಿ ಬಗ್ಗಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಆ ಜಗ್ಗು ಪೂರ್ತಿ ಬೀಳುವುದು ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಕೂತಿರುವ 6 ಮಿ.ಮೀ. ಸ್ಟಡ್‌ಗಳ ಮೇಲೆ. ಮರೆ ಸಮೇತ ಸ್ಟಡ್ ಹೊರಬರುತ್ತದೆ. ಬಂದೇಬಿಟ್ಟರೆ ಹೆಲಿಕಾಯಿಲ್ (ಹೊಸ ಮರೆ ಕೊಡುವ ತಂತಿಯ ಸುರುಳಿ) ಹಾಕಿಸುವುದು ಅಥವಾ 8 ಮಿ.ಮೀ.ಗೆ ಹೊಸ ಮರೆ ಹೊಡೆಸುವುದು, ಬೇರೆ ದಾರಿಯಿಲ್ಲ.

ಕತ್ತರಿಸಿ ಬೆಸೆಯುವುದು ಮುಂದಿನ ಹಂತ. ಕಿಟ್ಟಿನ ಪೈಪಿನ ಹೊರ ವ್ಯಾಸ ಸುಮಾರು 22 ಮಿ.ಮೀ. ಪೈಪು ಕೆಳಗಿಳಿಯುವ ನೇರ ಭಾಗದಲ್ಲಿ, ಸೈಲೆನ್ಸರ್ ಯಾವ ಬದಿಗೆ ಹೋಗಬೇಕೋ ಆ ಬದಿಯಲ್ಲಿ, ಹ್ಯಾಕ್ಸಾದಿಂದ ಗರಗಸ ಹಾಕಿ. ಎದುರು ಗೋಡೆ ಮಾತ್ರ ಉಳಿಯುವಷ್ಟು ಕೊಯ್ದು, ಬಾಯಿ 2 ಮಿ.ಮೀ. ಅಗಲದ ವಿ ಆಕಾರಕ್ಕೆ ಅರೆಯಿರಿ. ಸಾಮಾನ್ಯ ಬ್ಲೇಡ್ ಒಂದರ ಕೊಯ್ತ ಸುಮಾರು 1 ಮಿ.ಮೀ., ಎರಡು ಬ್ಲೇಡ್ ಜೋಡಿಸಿ ಹಾಕಿದರೆ 2 ಮಿ.ಮೀ. ಸಿಗುತ್ತದೆ. ಆ ಬಾಯಿಯನ್ನು ಒತ್ತಿ ಮುಚ್ಚಿದಾಗ ಪೈಪು 5 ಡಿಗ್ರಿಯಷ್ಟು ಬಾಗುತ್ತದೆ. ಅಲ್ಲಿಂದ 250 ಮಿ.ಮೀ. ಕೆಳಗಿರುವ ತುದಿ 22 ಮಿ.ಮೀ. ಸರಿಯುತ್ತದೆ. ಇದಕ್ಕಿಂತ ಹೆಚ್ಚು ಬೇಕಾದರೆ ಒಂದೇ ಕಡೆ ದೊಡ್ಡ ಬಾಯಿ ಕೊಯ್ಯಬೇಡಿ, 30 ಮಿ.ಮೀ. ಬಿಟ್ಟು ಇನ್ನೊಂದು ಸಣ್ಣ ಬಾಯಿ ಕೊಯ್ಯಿರಿ.

ಜಾಗಕ್ಕೆ ಹೊಂದಿಸಿ ನೋಡುವುದು ಎಂಜಿನ್ನಿನ ಮೇಲೆ, ಬೆಸೆಯುವುದು ಬೆಂಚಿನ ಮೇಲೆ. ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಲೆಂದು ಕೂಡ ಎಂಜಿನ್ ಮೇಲಿರುವಾಗ ಆರ್ಕ್ ಹೊಡೆಸಬೇಡಿ, ವೆಲ್ಡಿಂಗ್ ಕರೆಂಟು ಬೇರಿಂಗು, ಮ್ಯಾಗ್ನೆಟೋ ಕಾಯಿಲು, ಸಿಡಿಐ (ಕಿಡಿ ಹೊಡೆಸುವ ಪೆಟ್ಟಿಗೆ) ದಾಟಿ ಹೋಗಬಹುದು, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕೂ ಇದೆ. ಬೇಕಾದ ಕೋನದಲ್ಲಿ ಹಿಡಿದು ಕೊಯ್ತದ ಎರಡೂ ಬದಿಗೆ ದಾಟುವಂತೆ ಗೀರು ಹಾಕಿ, ಬಿಚ್ಚಿ, ಗೀರಿಗೆ ಗೀರು ಕೂಡಿಸಿ ಟ್ಯಾಕ್ ಮಾಡಿಸಿ. ಮತ್ತೆ ಕೂರಿಸಿ ಕ್ರ್ಯಾಂಕು ತಿರುಗಿಸಿ ನೋಡಿದ ಮೇಲೆ ಪೂರ್ತಿ ಬೆಸುಗೆ. ಪೈಪಿನ ಗೋಡೆ ತೆಳುವಾದ್ದರಿಂದ ಗ್ಯಾಸ್ ವೆಲ್ಡಿಂಗ್ ಅಥವಾ ಟಿಗ್ ಒಳ್ಳೆಯದು. ಆರ್ಕ್ ಆದರೆ 2 ಮಿ.ಮೀ. ರಾಡು, ಕಡಿಮೆ ಕರೆಂಟು, ಚುಕ್ಕೆ ಚುಕ್ಕೆಯಾಗಿ. ಬೆಸುಗೆ ಫ್ಲೇಂಜಿಗೆ ಹತ್ತಿರವಿದ್ದರೆ ಫ್ಲೇಂಜನ್ನು 10 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟಿಗೆ ಬೋಲ್ಟ್ ಮಾಡಿಯೇ ಬೆಸೆಯಬೇಕು, ಇಲ್ಲದಿದ್ದರೆ ಅದು ಬಾಳೆಲೆಯ ಹಾಗೆ ಮುದುರುತ್ತದೆ. ತಣಿದ ಮೇಲೆ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ಫ್ಲೇಂಜಿನ ಮುಖ ಉಜ್ಜಿ ಮಟ್ಟ ಮಾಡಿ. ಪೈಪಿನ ಒಳಗೆ ಉಳಿದ ಸ್ಲ್ಯಾಗ್ (ಬೆಸುಗೆಯ ಕಿಟ್ಟ) ತಟ್ಟಿ ತೆಗೆಯುವುದನ್ನು ಮರೆಯಬೇಡಿ. ಎರಡು-ಸ್ಟ್ರೋಕಿನಲ್ಲಿ ಎಕ್ಸಾಸ್ಟಿನ ಒತ್ತಡದ ಅಲೆ ಪೋರ್ಟಿನ ಕಡೆಗೆ ಹಿಂದಿರುಗುತ್ತದೆ, ಬಿಡಿ ಚೂರು ಪಿಸ್ಟನ್ ತಲುಪಿದರೆ ಸಿಲಿಂಡರಿನ ಗೋಡೆಗೆ ಗೆರೆ ಬೀಳುತ್ತದೆ.

ಕಾಯಿಸಿ ಬಗ್ಗಿಸುವವರು ಒಳಗೆ ಮರಳು ತುಂಬುತ್ತಾರೆ, ಪೈಪು ಚಪ್ಪಟೆಯಾಗದಿರಲಿ ಎಂದು. ಮರಳು ಬಾಣಲೆಯಲ್ಲಿ ಹುರಿದಷ್ಟು ಒಣಗಿರಬೇಕು. ತೇವವಿದ್ದರೆ ಉಗಿ ಹುಟ್ಟಿ ಮರದ ಬಿರಡೆ ಗುಂಡಿನಂತೆ ಹಾರುತ್ತದೆ. ಬಿರಡೆಯಲ್ಲಿ ಸಣ್ಣ ತೂತು ಬಿಡುವುದು ಅದಕ್ಕೇ. ಕಾಯಿಸುವ ಜಾಗದ ಕ್ರೋಮನ್ನು ಮೊದಲು ಉಜ್ಜಿ ತೆಗೆಯಿರಿ, ಅದರ ಹೊಗೆ ವಿಷ. ಹಳೆ ಸೈಲೆನ್ಸರಿನೊಳಗಿನ ಎಣ್ಣೆ ಹೊತ್ತಿಕೊಳ್ಳುವುದರಿಂದ ಬ್ಯಾಫಲ್ (ಒಳಗಿನ ಸದ್ದು ತಗ್ಗಿಸುವ ಕೊಳವೆ) ಬಿಚ್ಚಿ, ತೊಳೆದು, ಬಯಲಿನಲ್ಲೇ ಈ ಕೆಲಸ ಮಾಡಿ.

ಸೈಲೆನ್ಸರಿನ ಹೊಟ್ಟೆಯನ್ನು 5–6 ಮಿ.ಮೀ. ಒಳಕ್ಕೆ ತಗ್ಗಿಸುವುದು ತಪ್ಪೇನಲ್ಲ, ಓಟದಲ್ಲಿ ವ್ಯತ್ಯಾಸ ತಿಳಿಯದು. ಬ್ಯಾಫಲ್ ಹೊರತೆಗೆದು ತಗ್ಗಿಸಿ, ಮತ್ತೆ ಹಾಕಿದಾಗ ಸಲೀಸಾಗಿ ಹೋಗಿಬರುತ್ತದೆಯೇ ನೋಡಿ. ಕಾರ್ಬನ್ ತೆಗೆಯಲು ಅದನ್ನು ಆಗಾಗ ಹೊರಗೆ ತೆಗೆಯಲೇಬೇಕು. ಆದರೆ ಪೋರ್ಟಿನಿಂದ ಇಳಿಯುವ ಸಣ್ಣ ಪೈಪನ್ನು ಚಪ್ಪಟೆ ಮಾಡಬಾರದು.

ಸೈಲೆನ್ಸರನ್ನು ಬಾಟಮ್ ಬ್ರಾಕೆಟ್ಟಿನ ಅಡಿಗೆ ಇಳಿಸಿಬಿಟ್ಟರೆ ಕ್ರ್ಯಾಂಕಿನ ತಂಟೆಯೇ ಇಲ್ಲ ಎನ್ನಿಸುತ್ತದೆ. ನಮ್ಮ ರಸ್ತೆಯ ಹಂಪುಗಳು ಅದಕ್ಕೆ ಬಿಡುವುದಿಲ್ಲ. ಪೆಡಲು ತೀರಾ ಕೆಳಗೆ ಬಂದಾಗಿನ ಮಟ್ಟಕ್ಕಿಂತ ಸೈಲೆನ್ಸರ್ ಮೇಲೇ ಇರಬೇಕು. ಫ್ಲೇಂಜಿನ ಹಿಂದೆ 10 ಮಿ.ಮೀ. ಸ್ಪೇಸರ್ ಇಟ್ಟು ಪೈಪನ್ನು ಮುಂದೆ ತರುವ ಉಪಾಯವೂ ಇದೆ, ಅದಕ್ಕೆ ಉದ್ದದ ಸ್ಟಡ್ ಬೇಕು, ಡೌನ್ ಟ್ಯೂಬಿಗೂ ಪೈಪಿಗೂ ನಡುವೆ ಜಾಗ ಇರಬೇಕು. ಪೈಪು ಮುಂದೆ ಬಂದಿದ್ದರೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂಚಕ್ರ, ಮಡ್‌ಗಾರ್ಡು ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಯಾವ ದಾರಿ ಹಿಡಿದರೂ ಸೈಲೆನ್ಸರಿಗೆ ಎರಡನೆಯ ಆಧಾರ ಕೊಡಲೇಬೇಕು. ಸ್ಟಡ್ ಮುರಿಯುವುದಕ್ಕೂ ಫ್ಲೇಂಜಿನ ಬೆಸುಗೆ ಬಿರುಕು ಬಿಡುವುದಕ್ಕೂ ಮುಖ್ಯ ಕಾರಣ ಆಧಾರವಿಲ್ಲದ ತುದಿಯ ನಡುಕ. 3 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಪಟ್ಟಿಯಿಂದ ಬ್ರಾಕೆಟ್ ಮಾಡಿ, ಒಂದು ತುದಿ ಸೈಲೆನ್ಸರಿನ ಕ್ಲಾಂಪಿಗೆ, ಇನ್ನೊಂದು ಎಂಜಿನ್ನಿನ ಮೌಂಟ್ ಬೋಲ್ಟಿಗೆ ಕೊಡಿ. ಫ್ರೇಮಿಗೆ ಕಟ್ಟುವುದಾದರೆ ನಡುವೆ ರಬ್ಬರು ಬೇಕು, ಎಂಜಿನ್ನೂ ಫ್ರೇಮೂ ಒಂದೇ ಲಯದಲ್ಲಿ ನಡುಗುವುದಿಲ್ಲ. ಪೈಪು ಫ್ಲೇಂಜಿನಲ್ಲಿ ತಾನಾಗಿ ಕೂತ ಜಾಗಕ್ಕೆ ಬ್ರಾಕೆಟ್ ಬಗ್ಗಿಸಿ ಹೊಂದಿಸಬೇಕೇ ಹೊರತು ಬ್ರಾಕೆಟ್ಟಿಗೆ ಪೈಪನ್ನು ಎಳೆದು ಕಟ್ಟಬಾರದು.

ಇಷ್ಟೆಲ್ಲ ಮಾಡಿ ರಸ್ತೆಗಿಳಿಯುವ ಮುನ್ನ ಕಾನೂನು ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಡುವುದು ನಾಲ್ಕಕ್ಕಿಂತ ಕಡಿಮೆ ಚಕ್ರದ, 25 ಸಿಸಿ ಮೀರದ ಎಂಜಿನ್ನಿನ ವಾಹನಗಳನ್ನು. 66 ಸಿಸಿ ಕಿಟ್ ಹಾಕಿದ ಸೈಕಲ್ ಆ ಮಿತಿಯನ್ನು ದಾಟಿರುವುದರಿಂದ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು, ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಸಿಗುವುದು ಕಷ್ಟ. ಇದು ತೋಟ, ಎಸ್ಟೇಟು, ಸ್ವಂತ ಜಾಗದ ಆಟ.

ಸೈಲೆನ್ಸರಿನ ಜೋಡಣೆಯಲ್ಲಿ ಫ್ಲೇಂಜಿನ ನಟ್ಟಿನದು ಸಣ್ಣ ವಿಷಯವಾದರೂ ಕೆಡಿಸುವುದು ಅದೇ. ನೈಲಾಕ್ ನಟ್ ಇಲ್ಲಿ ನಡೆಯದು, ಒಳಗಿನ ನೈಲಾನ್ ಶಾಖಕ್ಕೆ ಕರಗುತ್ತದೆ. ಮಾಮೂಲಿ ಸ್ಪ್ರಿಂಗ್ ವಾಷರೂ ಬಿಸಿಗೆ ಬಿಗುವು ಕಳೆದುಕೊಳ್ಳುತ್ತದೆ. ಪೂರ್ತಿ ಲೋಹದ ಲಾಕ್ ನಟ್ ಅಥವಾ ಎರಡೆರಡು ನಟ್ ಹಾಕಿ. 6 ಮಿ.ಮೀ. ಸ್ಟಡ್ಡಿಗೆ 8–10 ನ್ಯೂಟನ್ ಮೀಟರ್ ಬಿಗಿ ಸಾಕು, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಬನ್ನಿ. ಹತ್ತು ನಿಮಿಷ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕುಸಿಯುತ್ತದೆ. ಫ್ಲೇಂಜಿನ ಸುತ್ತ ಕಪ್ಪು ಎಣ್ಣೆ ಒಸರಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಮುಖ ಮತ್ತೆ ಉಜ್ಜಿ ಹೊಸ ಗ್ಯಾಸ್ಕೆಟ್ ಹಾಕಿ. ಕ್ಲಚ್ ಕೇಬಲ್ಲು, ಪೆಟ್ರೋಲ್ ಪೈಪು, ಪ್ಲಗ್ ವೈರು ಸೈಲೆನ್ಸರಿನ ಹೊಸ ಜಾಗಕ್ಕೆ ತೀರಾ ಹತ್ತಿರ ಬಂದಿವೆಯೇ ಎಂಬುದನ್ನೂ ಆಗಲೇ ನೋಡಿ. ಪ್ಯಾಂಟು ತಾಗುವ ಕಡೆ 1 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಸೈಲೆನ್ಸರಿನಿಂದ 10 ಮಿ.ಮೀ. ದೂರದಲ್ಲಿ ಸ್ಪೇಸರ್ ಕೊಟ್ಟು ನಿಲ್ಲಿಸಿ. ನೇರ ಅಂಟಿಸಿದರೆ ತಗಡೂ ಅಷ್ಟೇ ಕಾಯುತ್ತದೆ. ಆ ತಗಡು ಹಾಕಿದ ಮೇಲೆ ಕ್ಲೇ ಮೆತ್ತಿ ಕ್ರ್ಯಾಂಕನ್ನು ಮತ್ತೊಮ್ಮೆ ಸುತ್ತಿಸಿ, 10 ಮಿ.ಮೀ. ಅಂತರ ಈಗ ಲೆಕ್ಕವಾಗುವುದು ತಗಡಿನಿಂದ.